ಮಗಳ ಹೆಸರಿಗೆ ತಿಂಗಳು ತಿಂಗಳೂ ಪುಸ್ತಕ ಕಳಿಸುವ ಡಾಲಿ ಪಾರ್ಟನ್: ಇವರ ಹಾಡು ಕೇಳಿದವರು ಬನ್ನಿ, ಮಾತಾಡೋಣ

ನಾಕ್ಸ್‌ವಿಲ್_ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಹಾಸನ ಜಿಲ್ಲೆಯವರು, ಏಳು ವರ್ಷದಿಂದ ಅಮೆರಿಕದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿದ್ದೇವೆ. ಮಗಳು ಹುಟ್ಟಿದಾಗ ಯಾರೋ ಒಂದು ಫಾರ್ಮ್ ಕೊಟ್ಟರು. ತುಂಬಿ ಕಳಿಸಿ ಮರೆತೇಬಿಟ್ಟಿದ್ದೆ. ಸ್ವಲ್ಪ ದಿನ ಬಿಟ್ಟು ಮನೆ ಮುಂದಿನ ಟಪಾಲು ಡಬ್ಬಿಯಲ್ಲಿ ಒಂದು ಮಕ್ಕಳ ಪುಸ್ತಕ ಬಂದಿತ್ತು. ಮೇಲಿನ ಚೀಟಿಯಲ್ಲಿ ನನ್ನ ಹೆಸರಿಲ್ಲ, ನಮ್ಮ ಯಜಮಾನರ ಹೆಸರಿಲ್ಲ, ಮಗಳ ಹೆಸರು. ಇನ್ನೂ ಕತ್ತು ನಿಲ್ಲದ ಕೂಸಿಗೆ ಅವಳದೇ ಹೆಸರಲ್ಲಿ ಟಪಾಲು! ಅಲ್ಲಿಂದ ತಿಂಗಳಿಗೊಂದು ತಪ್ಪದೆ ಬರುತ್ತಿದೆ. ನಾವು ಒಂದು ಪೈಸೆ ಕೊಟ್ಟಿಲ್ಲ.

ಕಳಿಸುವುದು ಡಾಲಿ ಪಾರ್ಟನ್ ಶುರು ಮಾಡಿದ ಇಮ್ಯಾಜಿನೇಷನ್ ಲೈಬ್ರರಿ. ಹೋದ ತಿಂಗಳು ಊರಿಂದ ಬಂದಿದ್ದ ನಮ್ಮತ್ತೆ ಆ ಹೆಸರು ನೋಡಿ "ಯಾರಮ್ಮ ಇವರು, ನಮ್ಮ ಮಗೂಗೆ ಯಾಕೆ ಕಳಿಸ್ತಾರೆ?" ಅಂತ ಕೇಳಿದರು. ದೊಡ್ಡ ಹಾಡುಗಾರ್ತಿ ಅತ್ತೆ, ಕಂಟ್ರಿ ಮ್ಯೂಸಿಕ್, ಅಂದ್ರೆ ಇಲ್ಲಿಯ ಹಳ್ಳಿಗಾಡಿನ ಹಾಡು ಹಾಡ್ತಾರೆ ಅಂದೆ. ಅದರಾಚೆಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅವತ್ತಿಂದ ಓದುತ್ತಿದ್ದೇನೆ, ಅಡುಗೆ ಮಾಡುತ್ತಾ ಹಾಡು ಕೇಳುತ್ತಿದ್ದೇನೆ.

ಹುಟ್ಟಿದ್ದು 1946ರ ಜನವರಿ 19. ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ದೂರದ ಸೆವಿಯರ್ ಕೌಂಟಿ, ಸುತ್ತ ಸ್ಮೋಕಿ ಬೆಟ್ಟಗಳು. ಒಂದೇ ಕೋಣೆಯ ಮರದ ಮನೆ, ಕರೆಂಟಿಲ್ಲ. ಹನ್ನೆರಡು ಮಕ್ಕಳಲ್ಲಿ ಇವರು ನಾಲ್ಕನೆಯವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಫೀಸು ಕೊಡಲು ದುಡ್ಡಿಲ್ಲದೆ ಅಪ್ಪ ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟರಂತೆ. ಮುಂದೆ ಡಾಲಿ ಆ ಡಾಕ್ಟರ ಮೇಲೂ ಒಂದು ಹಾಡು ಕಟ್ಟಿದರು. ಅಪ್ಪ ಮೊದಲು ಬೇರೆಯವರ ಹೊಲ ಪಾಲಿಗೆ ಮಾಡುತ್ತಿದ್ದರು, ಆಮೇಲೆ ತಮ್ಮದೇ ಚೂರು ಜಾಗದಲ್ಲಿ ಹೊಗೆಸೊಪ್ಪು ಹಾಕಿದರು. ಇದನ್ನು ಹೇಳಿದಾಗ ನಮ್ಮತ್ತೆ ಎದ್ದು ಕೂತರು. ಅವರ ತವರು ಅರಕಲಗೂಡಿನ ಕಡೆ, ಹುಟ್ಟಿದಾಗಿಂದ ಹೊಗೆಸೊಪ್ಪೇ. ನಮ್ಮಲ್ಲಿ ಬ್ಯಾರನ್ನಿಗೆ ಬೆಂಕಿ ಹಾಕಿ ಬೇಯಿಸುತ್ತಾರೆ, ಇಲ್ಲಿಯ ತಳಿಯನ್ನು ಗಾಳಿಗೆ ತೂಗುಹಾಕಿ ಒಣಗಿಸುತ್ತಾರೆ. ಆದರೆ ಕೈಗೆ ಹತ್ತುವ ಕಪ್ಪು ಅಂಟು ಎರಡು ಕಡೆಯೂ ಒಂದೇ. "ಹಾಗಾದ್ರೆ ಕಷ್ಟ ಕಂಡಿರೋ ಮನೆ ಮಗಳೇ ಬಿಡು" ಅಂದರು.

ನಿಮಗೆ ಗೊತ್ತಿರುವುದನ್ನು ಹೇಳಿ. ಯಾವ ಹಾಡು ಮೊದಲು ಕೇಳಬೇಕು ಅಂತಲೂ ಹೇಳಿ.

ಹಳೇ_ಕ್ಯಾಸೆಟ್:

ಅಮ್ಮಾ, ಮೊದಲು ಕೋಟ್ ಆಫ್ ಮೆನಿ ಕಲರ್ಸ್ ಕೇಳಿ, 1971ರದ್ದು. ಮೂರೇ ನಿಮಿಷದ ಹಾಡು. ಚಳಿಗಾಲ ಬರುತ್ತಿದೆ, ಮಗಳಿಗೆ ಕೋಟಿಲ್ಲ. ಯಾರೋ ಕೊಟ್ಟ ಬಟ್ಟೆ ಚೂರುಗಳನ್ನೆಲ್ಲ ಸೇರಿಸಿ ತಾಯಿ ಒಂದು ಕೋಟು ಹೊಲಿಯುತ್ತಾಳೆ. ನಮ್ಮ ಧಾರವಾಡದ ಕಡೆ ಅಜ್ಜಿಯರು ಕೌದಿ ಹೊಲಿಯುವ ಹಾಗೆ ಅಂತ ಇಟ್ಟುಕೊಳ್ಳಿ. ಹೊಲಿಯುತ್ತಾ ಬೈಬಲ್ಲಿನ ಯೋಸೇಫನ ಬಣ್ಣದ ಅಂಗಿಯ ಕಥೆ ಹೇಳುತ್ತಾಳೆ. ಹುಡುಗಿ ಹೆಮ್ಮೆಯಿಂದ ಅದನ್ನು ಹಾಕಿಕೊಂಡು ಶಾಲೆಗೆ ಹೋದರೆ ಮಕ್ಕಳೆಲ್ಲ ಸೇರಿ ನಗುತ್ತಾರೆ. ಇದು ಡಾಲಿಗೆ ನಿಜವಾಗಿ ಆದದ್ದೇ.

ಹಾಡು ಹೊಳೆದಾಗ ಟೂರ್ ಬಸ್ಸಿನಲ್ಲಿದ್ದರು. ಬರೆಯಲು ಕಾಗದ ಸಿಗಲಿಲ್ಲ. ಜೊತೆಗಿದ್ದ ಗಾಯಕ ಪೋರ್ಟರ್ ವ್ಯಾಗನರ್ ಅವರ ಸೂಟಿಗೆ ಕೊಟ್ಟಿದ್ದ ಡ್ರೈಕ್ಲೀನಿಂಗ್ ರಸೀದಿ ಕೈಗೆ ಸಿಕ್ಕಿತು, ಅದರ ಹಿಂಬದಿಯಲ್ಲೇ ಬರೆದರು. ಒಗೆದ ಸೂಟಿನ ರಸೀದಿಯ ಮೇಲೆ ಚಿಂದಿ ಕೋಟಿನ ಹಾಡು! ನನಗೆ ಅದನ್ನು ನೆನೆದಾಗಲೆಲ್ಲ ಮೈ ಜುಮ್ ಅನ್ನುತ್ತದೆ.

ಇನ್ನೊಂದು ಹಾಡಿದೆ, ಬಡತನದ ದಿನಗಳ ಮೇಲೆಯೇ. ಆ ನೆನಪುಗಳನ್ನು ಎಷ್ಟು ದುಡ್ಡಿಗೂ ಮಾರುವುದಿಲ್ಲ, ಆದರೆ ಎಷ್ಟು ದುಡ್ಡು ಕೊಟ್ಟರೂ ಆ ಬಾಳಿಗೆ ವಾಪಸ್ ಹೋಗುವುದಿಲ್ಲ ಎನ್ನುವ ಅರ್ಥದ ಹಾಡು. ಬಡತನವನ್ನು ಚಂದ ಮಾಡಿ ತೋರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಹೀಗೆ ಎರಡನ್ನೂ ಒಟ್ಟಿಗೆ ಹೇಳುವವರು ಕಡಿಮೆ.

ಗಿಟಾರ್_ಮೇಷ್ಟ್ರು:

ನಾನು ಮೈಸೂರಿನಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಜೋಲೀನ್ ಹಾಡನ್ನು ಪ್ರತಿ ಬ್ಯಾಚಿಗೂ ಕಲಿಸುತ್ತೇನೆ. ಕಾರ್ಡ್ಸ್ ಮೂರೋ ನಾಲ್ಕೋ ಅಷ್ಟೇ, ಆದರೆ ಶುರುವಿನ ಬೆರಳಾಟ ಕೈಗೆ ಕೂರಲು ತಿಂಗಳು ಬೇಕು. ಪಲ್ಲವಿಯಲ್ಲಿ ಆ ಹೆಸರನ್ನು ನಾಲ್ಕು ಸಲ ಕೂಗುತ್ತಾಳೆ. ಜಗಳವಿಲ್ಲ, ಶಾಪವಿಲ್ಲ. ನನ್ನ ಗಂಡನನ್ನು ಕಿತ್ತುಕೊಳ್ಳಬೇಡ ಅಂತ ಇನ್ನೊಬ್ಬ ಹೆಂಗಸಿನ ಮುಂದೆ ಬೇಡಿಕೊಳ್ಳುವುದು. ಬ್ಯಾಂಕಿನಲ್ಲಿ ಕೆಂಪು ಕೂದಲಿನ ಒಬ್ಬಾಕೆ ಡಾಲಿಯ ಗಂಡನ ಜೊತೆ ಸ್ವಲ್ಪ ಜಾಸ್ತಿಯೇ ನಗುನಗುತ್ತಾ ಮಾತಾಡುತ್ತಿದ್ದದ್ದು ಇದರ ಮೂಲ. ಹೆಸರು ಮಾತ್ರ ಆಕೆಯದ್ದಲ್ಲ, ಆಟೋಗ್ರಾಫ್ ಕೇಳಲು ಬಂದ ಒಬ್ಬ ಪುಟ್ಟ ಹುಡುಗಿಯದ್ದು.

ಸಂಗೀತ ಎಲ್ಲಿಂದ ಬಂತು ಅನ್ನುವುದು ಮುಖ್ಯ. ಡಾಲಿಯ ತಾಯಿಯ ಅಪ್ಪ ಚರ್ಚಿನಲ್ಲಿ ಬೋಧಕರು. ಅಲ್ಲಿ ಚಪ್ಪಾಳೆ ತಟ್ಟಿ, ಎದೆ ಬಿಚ್ಚಿ ಹಾಡುವುದೇ ಪದ್ಧತಿ. ತಾಯಿ ಹಾಡುತ್ತಿದ್ದದ್ದು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡಿನಿಂದ ಬಂದವರು ಆ ಬೆಟ್ಟಗಳಲ್ಲಿ ಉಳಿಸಿಕೊಂಡಿದ್ದ ಕಥನಗೀತೆಗಳನ್ನು. ಜೊತೆಗೆ ಬ್ಯಾಂಜೊ, ಅದು ಆಫ್ರಿಕದಿಂದ ಗುಲಾಮರಾಗಿ ಬಂದವರ ಕೈಯಲ್ಲಿ ಬೆಳೆದ ವಾದ್ಯ. ಕಂಟ್ರಿ ಅಂದರೆ ಬಿಳಿಯರ ಸಂಗೀತ ಅನ್ನುವವರು ಇದನ್ನು ಮರೆಯಬಾರದು.

ಹುಡುಗಿಗೆ ಎಂಟು ವರ್ಷವಾದಾಗ ಸೋದರಮಾವ ಬಿಲ್ ಓವೆನ್ಸ್ ನಿಜವಾದ ಗಿಟಾರ್ ಕೊಡಿಸಿದರು. ಅದಕ್ಕೆ ಮೊದಲು ಮನೆಯಲ್ಲೇ ಏನೇನೋ ಜೋಡಿಸಿಕೊಂಡ ಗಿಟಾರ್. ಹತ್ತನೇ ವಯಸ್ಸಿಗೆ ನಾಕ್ಸ್‌ವಿಲ್‌ನಲ್ಲಿ ದಿನಸಿ ಅಂಗಡಿಗಳ ಮಾಲೀಕ ಕ್ಯಾಸ್ ವಾಕರ್ ನಡೆಸುತ್ತಿದ್ದ ರೇಡಿಯೋ, ಟೀವಿ ಕಾರ್ಯಕ್ರಮದಲ್ಲಿ ಹಾಡಿದಳು. ಹದಿಮೂರಕ್ಕೆ ಅಜ್ಜಿಯ ಜೊತೆ ಬಸ್ಸು ಹತ್ತಿ ಲೂಸಿಯಾನಾ ರಾಜ್ಯದ ಲೇಕ್ ಚಾರ್ಲ್ಸ್‌ಗೆ ಹೋಗಿ ಪಪ್ಪಿ ಲವ್ ಅನ್ನುವ ಮೊದಲ ರೆಕಾರ್ಡು ಮಾಡಿದಳು. ಒಂದು ದಿನಕ್ಕೂ ಜಾಸ್ತಿ ಹೊತ್ತಿನ ಪ್ರಯಾಣ ಅದು. ಅದೇ 1959ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆ, ಕಂಟ್ರಿ ಹಾಡುಗಾರರಿಗೆ ಅದಕ್ಕಿಂತ ದೊಡ್ಡದಿಲ್ಲ. ಹುಡುಗಿಯನ್ನು ಜನರಿಗೆ ಪರಿಚಯ ಮಾಡಿಕೊಟ್ಟದ್ದು ಹೆಸರಾಂತ ಗಾಯಕ ಜಾನಿ ಕ್ಯಾಶ್.

1964ರಲ್ಲಿ ಹೈಸ್ಕೂಲು ಮುಗಿಯಿತು. ಸಮಾರಂಭದಲ್ಲಿ ಎಲ್ಲರೂ ಮುಂದೇನು ಮಾಡುತ್ತೇವೆ ಅಂತ ಹೇಳಬೇಕಿತ್ತು. ಇವಳು ನ್ಯಾಶ್‌ವಿಲ್‌ಗೆ ಹೋಗಿ ಸ್ಟಾರ್ ಆಗುತ್ತೇನೆ ಅಂದಳು, ಇಡೀ ಸಭೆ ನಕ್ಕಿತು. ಮರುದಿನವೇ ಬಸ್ಸು ಹತ್ತಿದಳು.

ಬೆಂಗಳೂರು_ಬಸ್‌ಸ್ಟಾಪ್:

ಮೇಷ್ಟ್ರೇ, ಒಂದು ಮಾತು ಕೇಳಬಹುದಾ? ಸೋದರಮಾವ ಇದ್ದರು, ರೇಡಿಯೋ ಸಿಕ್ಕಿತು, ಜಾನಿ ಕ್ಯಾಶ್ ಸಿಕ್ಕಿದರು. ಇದು ಅದೃಷ್ಟ ಅಲ್ವಾ? ಅದೇ ಬೆಟ್ಟದಲ್ಲಿ ಅಷ್ಟೇ ಚೆನ್ನಾಗಿ ಹಾಡುವ ಹತ್ತು ಹುಡುಗಿಯರು ಇದ್ದಿರಬಹುದು. ಅವರ ಹೆಸರು ನಮಗೆ ಗೊತ್ತಿಲ್ಲ. ಇಂಥ ಕಥೆ ಓದಿದಾಗ ನನಗೆ ಮೊದಲು ಅವರ ನೆನಪೇ ಬರುತ್ತದೆ.

ಗಿಟಾರ್_ಮೇಷ್ಟ್ರು:

ಖಂಡಿತ ಇದ್ದರು. ಆಕೆಯ ತಾಯಿಯೇ ಒಬ್ಬರು. ಚೆನ್ನಾಗಿ ಹಾಡುತ್ತಿದ್ದರು, ಹನ್ನೆರಡು ಮಕ್ಕಳನ್ನು ಹೆತ್ತರು. ನೀವು ಹೇಳುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೃಷ್ಟ ಬಾಗಿಲವರೆಗೆ ತಂದು ಬಿಡುತ್ತದೆ. ನ್ಯಾಶ್‌ವಿಲ್‌ಗೆ ಹೋದ ಮೇಲೂ ಸುಮಾರು ಎರಡು ವರ್ಷ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ರೆಕಾರ್ಡ್ ಕಂಪನಿಯವರು ಕಂಟ್ರಿ ಬೇಡ, ನಿನ್ನ ದನಿಗೆ ಪಾಪ್ ಸರಿ ಅಂತ ಅದನ್ನೇ ಹಾಡಿಸಿದರು. ಓಡಲಿಲ್ಲ. ಮಾವ ಸೊಸೆ ಸೇರಿ ಬರೆದ ಹಾಡೊಂದನ್ನು ಬಿಲ್ ಫಿಲಿಪ್ಸ್ ಅನ್ನುವವರು 1966ರಲ್ಲಿ ಹಾಡಿ ಹಿಟ್ ಆದ ಮೇಲೆಯೇ ಸರಿ, ನಿನ್ನ ಇಷ್ಟದ ಹಾಗೆ ಹಾಡು ಅಂತ ಬಿಟ್ಟರು. ಬರೆಯಲು ಬಂದದ್ದೇ ಕೈ ಹಿಡಿಯಿತು ನೋಡಿ.

ಗೀಗೀಪದದ_ಮಗಳು:

ಇಷ್ಟು ದಿನ ಈ ಗುಂಪಿನಲ್ಲಿ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ನಮ್ಮಪ್ಪ ಗೀಗೀ ಪದ ಹಾಡುತ್ತಿದ್ದರು. ತಾವೇ ಕಟ್ಟಿದ ಪದಗಳೂ ಇದ್ದವು, ಒಂದು ನೋಟುಬುಕ್ಕಿನ ತುಂಬ. ಕ್ಯಾಸೆಟ್ ಕಾಲದಲ್ಲಿ ಒಂದು ಕಂಪನಿಯವರು ಕರೆದರು. ಎರಡು ದಿನ ಹಾಡಿಸಿದರು, ಬಸ್ ಚಾರ್ಜು ಮತ್ತು ಒಂದಿಷ್ಟು ದುಡ್ಡು ಕೊಟ್ಟರು, ಕಾಗದದ ಮೇಲೆ ಸಹಿ ಹಾಕಿಸಿಕೊಂಡರು. ಅದರಲ್ಲಿ ಏನು ಬರೆದಿತ್ತು ಅಂತ ಅಪ್ಪ ಓದಲಿಲ್ಲ. ಆಮೇಲೆ ಜಾತ್ರೆಯಲ್ಲಿ, ಟ್ರ್ಯಾಕ್ಟರಿನಲ್ಲಿ, ಚಹಾದ ಅಂಗಡಿಯಲ್ಲಿ ಎಲ್ಲೆಲ್ಲೂ ಅಪ್ಪನ ದನಿಯೇ. ಮನೆಗೆ ಮತ್ತೆ ಒಂದು ರೂಪಾಯಿಯೂ ಬರಲಿಲ್ಲ. ಅವರಿಗೆ ಅದು ಬೇಜಾರಿರಲಿಲ್ಲ, ಜನ ಕೇಳುತ್ತಾರಲ್ಲ ಅನ್ನುತ್ತಿದ್ದರು. ಬೇಜಾರು ನನಗೆ.

ಅದಕ್ಕೇ ಡಾಲಿ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಒಂದೇ. ಈಯಮ್ಮ ತನ್ನ ಹಾಡನ್ನು ಬಿಟ್ಟುಕೊಡಲಿಲ್ಲ. ಮಾವನ ಜೊತೆ ಸೇರಿ ಆಗಲೇ ಒಂದು ಸಣ್ಣ ಪ್ರಕಾಶನ ಸಂಸ್ಥೆ ಮಾಡಿಕೊಂಡಿದ್ದರು. ಓವೆನ್ಸ್, ಪಾರ್ಟನ್ ಎರಡೂ ಸೇರಿಸಿ ಓವೆಪಾರ್ ಅಂತ ಹೆಸರು. ಅಲ್ಲಿ ಹಾಡಿನ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ಹಾಡು ನಿಮ್ಮದಾಗಿದ್ದರೆ ಬೇರೆ ಯಾರೇ ಅದನ್ನು ಹಾಡಿ ಮಾರಿದರೂ ನಿಮಗೆ ಪಾಲು ಬರುತ್ತದೆ.

ಐ ವಿಲ್ ಆಲ್ವೇಸ್ ಲವ್ ಯೂ ಬಿಡುಗಡೆಯಾದದ್ದು 1974ರಲ್ಲಿ, ಕಂಟ್ರಿ ಪಟ್ಟಿಯಲ್ಲಿ ನಂಬರ್ ಒನ್. ಎಲ್ವಿಸ್ ಪ್ರೆಸ್ಲಿ ಅದನ್ನು ಹಾಡಬೇಕು ಅಂತ ಆಸೆಪಟ್ಟರು. ಡಾಲಿಗೆ ಆಕಾಶ ಮೂರೇ ಗೇಣು! ಆಗ ಎಲ್ವಿಸ್ ಮ್ಯಾನೇಜರ್ ಕರ್ನಲ್ ಪಾರ್ಕರ್ ಫೋನ್ ಮಾಡಿ, ಹಾಡಿನ ಹಕ್ಕಿನಲ್ಲಿ ಅರ್ಧ ನಮಗೆ ಬರೆದುಕೊಟ್ಟರೆ ಮಾತ್ರ ಎಲ್ವಿಸ್ ಹಾಡುವುದು ಅಂದರು. ಡಾಲಿ ಆಗುವುದಿಲ್ಲ ಅಂದರು. ರಾತ್ರಿಯೆಲ್ಲ ಅತ್ತೆ ಅಂತ ಅವರೇ ಎಷ್ಟೋ ಸಲ ಹೇಳಿದ್ದಾರೆ. ಎಲ್ವಿಸ್‌ಗೆ ಇಲ್ಲ ಅನ್ನುವುದು, ಅದೂ ಆ ಕಾಲದಲ್ಲಿ, ಇಪ್ಪತ್ತೆಂಟರ ಸುಮಾರಿನ ಹುಡುಗಿ! ಹದಿನೆಂಟು ವರ್ಷದ ನಂತರ, 1992ರಲ್ಲಿ, ಕಪ್ಪು ಗಾಯಕಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಬಾಡಿಗಾರ್ಡ್ ಸಿನಿಮಾಕ್ಕೆ ಹಾಡಿದರು. ಅಮೆರಿಕದ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ. ಡಾಲಿ ಕಾರು ಓಡಿಸುತ್ತಿದ್ದಾಗ ರೇಡಿಯೋದಲ್ಲಿ ಮೊದಲ ಸಲ ಕೇಳಿ, ಕೈ ತಪ್ಪಿ ಎಲ್ಲಿ ಗುದ್ದುತ್ತೇನೋ ಅಂತ ಗಾಡಿ ಪಕ್ಕಕ್ಕೆ ನಿಲ್ಲಿಸಿದರಂತೆ. ಆ ದುಡ್ಡಿನಲ್ಲಿ ನ್ಯಾಶ್‌ವಿಲ್‌ನ ಕಪ್ಪು ಜನರ ಬಡಾವಣೆಯೊಂದರಲ್ಲಿ ಕಟ್ಟಡಗಳನ್ನು ಕೊಂಡರು, ವಿಟ್ನಿಯಿಂದ ಬಂದ ದುಡ್ಡಿಗೆ ಅದೇ ಸರಿಯಾದ ಜಾಗ ಅನ್ನಿಸಿತು ಅಂತ.

ನಮ್ಮ ದೇಶದಲ್ಲೂ 2012ರ ಕಾಪಿರೈಟ್ ತಿದ್ದುಪಡಿ ಆದ ಮೇಲೆ, ಸಿನಿಮಾಕ್ಕೆ, ರೆಕಾರ್ಡಿಗೆ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿಯ ಸಮಪಾಲನ್ನು ಕಂಪನಿಗೆ ಬರೆದುಕೊಟ್ಟುಬಿಡುವ ಹಾಗಿಲ್ಲ. ಹಳ್ಳಿ ಹಾಡುಗಾರರಿಗೆ ಇದನ್ನು ಯಾರು ಹೇಳುತ್ತಾರೆ? ನಿಮ್ಮ ಮನೆಯಲ್ಲಿ ಹಾಡುವವರು ಇದ್ದರೆ ದಯವಿಟ್ಟು ನೀವು ಹೇಳಿ. ಸಹಿ ಹಾಕುವ ಮುಂಚೆ ಓದಿಸಿಕೊಳ್ಳಿ.

ಹಳೇ_ಕ್ಯಾಸೆಟ್:

ತಂಗಿ, ಅಪ್ಪನ ನೋಟುಬುಕ್ಕು ಇದ್ದರೆ ಜೋಪಾನ ಮಾಡು. ಪ್ರತಿ ಪುಟದ ಫೋಟೋ ತೆಗೆದಿಡು.

ಗೀಗೀಪದದ_ಮಗಳು:

ಇದೆ ಅಣ್ಣಾ. ಎರಡು ಪುಟಕ್ಕೆ ಎಣ್ಣೆ ಹತ್ತಿದೆ, ಉಳಿದದ್ದು ಓದಲು ಬರುತ್ತದೆ.

ಕೋಟೆಬಾಗಿಲು:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ಪೋರ್ಟರ್ ವ್ಯಾಗನರ್ ಅವರ ಬಗ್ಗೆ ಯಾರೂ ಸರಿಯಾಗಿ ಮಾತಾಡಲಿಲ್ಲ. 1967ರಲ್ಲಿ ತಮ್ಮ ಟೀವಿ ಶೋಗೆ ಕರೆದು, ವರ್ಷಕ್ಕೆ 60,000 ಡಾಲರ್ ಸಂಬಳ ಕೊಟ್ಟವರು ಅವರು. ಜನ ಮೊದಲಿದ್ದ ಗಾಯಕಿ ನಾರ್ಮಾ ಜೀನ್ ಬೇಕು ಅಂತ ಕೂಗುತ್ತಿದ್ದರು, ಡಾಲಿ ವೇದಿಕೆ ಮೇಲೆ ನಿಂತು ಅದನ್ನೆಲ್ಲ ಕೇಳಿಸಿಕೊಳ್ಳಬೇಕಿತ್ತು. ಆಗ ಜೊತೆಗೆ ನಿಂತು ಯುಗಳ ಗೀತೆ ಹಾಡಿ ಜನರಿಗೆ ಒಪ್ಪಿಸಿದವರು ಪೋರ್ಟರ್. ಏಣಿ ಹತ್ತಿಸಿದವರನ್ನು ಬಿಟ್ಟು ಹೋದದ್ದು ಸರಿಯಾ?

ಗಿಟಾರ್_ಮೇಷ್ಟ್ರು:

ಐದು ವರ್ಷ ಇರುತ್ತೇನೆ ಅಂದಿದ್ದರು, ಏಳು ವರ್ಷ ಇದ್ದರು. ಬಿಡುತ್ತೇನೆ ಅಂದರೆ ಪೋರ್ಟರ್ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ, ದಿನಾ ವಾದ. ಮಾತಿನಲ್ಲಿ ಆಗದ್ದನ್ನು ಮನೆಗೆ ಹೋಗಿ ಹಾಡಾಗಿ ಬರೆದು, ಮಾರನೇ ದಿನ ಅವರ ಎದುರು ಹಾಡಿದರು. ಅದೇ ಐ ವಿಲ್ ಆಲ್ವೇಸ್ ಲವ್ ಯೂ. ಎಲ್ಲರೂ ಅದನ್ನು ಪ್ರೇಮಗೀತೆ ಅಂದುಕೊಂಡು ಮದುವೆಯಲ್ಲಿ ಹಾಕುತ್ತಾರೆ. ಅದು ಕೆಲಸ ಬಿಡುವ ಹಾಡು, ಗುರುವಿಗೆ ಹೇಳಿದ ವಿದಾಯ. ಪೋರ್ಟರ್ ಅತ್ತುಬಿಟ್ಟರು, ಹೋಗು ಅಂದರು.

ಆಮೇಲೆ 1979ರಲ್ಲಿ ಅವರು ಕೋರ್ಟಿಗೂ ಹೋದರು, ಹೊರಗೆ ರಾಜಿಯಾಯಿತು. ಆದರೂ 2007ರಲ್ಲಿ ಅವರಿಗೆ ಆಪ್ರಿಯಲ್ಲಿ ಐವತ್ತು ವರ್ಷದ ಸನ್ಮಾನ ನಡೆದಾಗ ಡಾಲಿ ಹೋಗಿ ಅದೇ ಹಾಡು ಹಾಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಪೋರ್ಟರ್ ತೀರಿಕೊಂಡರು. ಇದಕ್ಕಿಂತ ಇನ್ನೇನು ಮಾಡಬೇಕು ಹೇಳಿ.

ಕೋಟೆಬಾಗಿಲು:

ಸರಿ ಮೇಷ್ಟ್ರೇ, 2007ರದ್ದು ನನಗೆ ಗೊತ್ತಿರಲಿಲ್ಲ. ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಬೆಂಗಳೂರು_ಬಸ್‌ಸ್ಟಾಪ್:

ನೈನ್ ಟು ಫೈವ್ ಬಗ್ಗೆ ಯಾರೂ ಹೇಳಲಿಲ್ಲ! 1980ರ ಸಿನಿಮಾ, ಅವರೇ ನಟಿಸಿದ್ದು, ಹಾಡೂ ಅವರದ್ದೇ. ಬೆಳಗ್ಗೆ ಎದ್ದು ಆಫೀಸಿಗೆ ಓಡುವ ಹೆಂಗಸರ ಹಾಡು. ಶೂಟಿಂಗ್ ಜಾಗದಲ್ಲಿ ಉದ್ದುದ್ದ ನಕಲಿ ಉಗುರುಗಳನ್ನು ಒಂದಕ್ಕೊಂದು ತಿಕ್ಕಿದಾಗ ಟೈಪ್‌ರೈಟರ್ ಸದ್ದು ಬಂತು, ಆ ತಾಳಕ್ಕೇ ಹಾಡು ಕಟ್ಟಿದರು. ರೆಕಾರ್ಡಿಂಗಿನಲ್ಲೂ ಆ ಉಗುರಿನ ಸದ್ದಿದೆ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಬಾಸ್ಟನ್ನಿನ ಆಫೀಸುಗಳಲ್ಲಿ ಕೆಲಸ ಮಾಡುವ ಹೆಂಗಸರು 1973ರಲ್ಲಿ ಇದೇ ಹೆಸರಿನ ಸಂಘ ಕಟ್ಟಿದ್ದರು, ಸಿನಿಮಾ ಹುಟ್ಟಿದ್ದು ಅವರಿಂದ. ನನಗೆ ಬಿಎಂಟಿಸಿ ಬಸ್ಸಿನಲ್ಲಿ ನಿಂತು ಕೇಳುವ ಹಾಡು ಇದೇ.

ಇನ್ನೊಂದು ಮಾತೂ ಹೇಳಬೇಕು. ಬರೀ ಹೊಗಳಿಕೆ ಬೇಡ. ಅವರ ಊರಲ್ಲಿ ಡಿಕ್ಸಿ ಸ್ಟಾಂಪೀಡ್ ಅಂತ ಊಟದ ಜೊತೆ ಒಂದು ಪ್ರದರ್ಶನ ನಡೆಯುತ್ತಿತ್ತು. ಅಮೆರಿಕದ ಅಂತರ್ಯುದ್ಧವನ್ನು ಉತ್ತರ ದಕ್ಷಿಣದ ಆಟದ ಹಾಗೆ ತೋರಿಸಿ, ಗುಲಾಮಗಿರಿಯ ಮಾತೇ ಎತ್ತುತ್ತಿರಲಿಲ್ಲ. ಮೇಷ್ಟ್ರು ಬ್ಯಾಂಜೊ ಬಗ್ಗೆ ಹೇಳಿದ್ದಕ್ಕೆ ನೆನಪಾಯಿತು. ಡಿಕ್ಸಿ ಅಂದರೆ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳಿಗೆ ಹಳೇ ಅಡ್ಡಹೆಸರು. ಟೀಕೆ ಬಂದ ಮೇಲೆ 2018ರಲ್ಲಿ ಹೆಸರಿನಿಂದ ಡಿಕ್ಸಿ ತೆಗೆದರು. ಆ ಪದ ಜನರಿಗೆ ನೋವು ಕೊಡುತ್ತದೆ ಅಂತ ತಿಳಿದ ಮೇಲೆ ಇಟ್ಟುಕೊಳ್ಳುವುದು ಸರಿಯಲ್ಲ ಅನ್ನುವುದು ಅವರ ನಿಲುವು. ಮೊದಲೇ ತಿಳಿಯಬೇಕಿತ್ತು ಅಂತ ನನ್ನ ಅನಿಸಿಕೆ. ಆದರೆ ಮೊಂಡು ಹಿಡಿಯಲಿಲ್ಲ, ಅದನ್ನೂ ಒಪ್ಪುತ್ತೇನೆ.

ನಾಕ್ಸ್‌ವಿಲ್_ಅಮ್ಮ:

ಇಷ್ಟೊಂದು ಬರೆದಿರಿ ಎಲ್ಲರೂ! ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ. ಗೀಗೀಪದದ ಮಗಳೇ, ನಿನ್ನ ಅಪ್ಪನ ಮಾತು ಬಂದಾಗ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಶನಿವಾರ ನಾವು ಡಾಲಿವುಡ್‌ಗೆ ಹೋಗಿದ್ದೆವು. ಸೆವಿಯರ್ ಕೌಂಟಿಯ ಪಿಜನ್ ಫೋರ್ಜ್‌ನಲ್ಲಿ ಮೊದಲೇ ಇದ್ದ ಒಂದು ಪಾರ್ಕಿಗೆ ಡಾಲಿ 1986ರಲ್ಲಿ ಪಾಲುದಾರರಾಗಿ ಈ ಹೆಸರು ಕೊಟ್ಟರು. ಈಗ ಆ ಕೌಂಟಿಯಲ್ಲಿ ಅದರಷ್ಟು ಜನಕ್ಕೆ ಕೆಲಸ ಕೊಡುವ ಇನ್ನೊಂದು ಜಾಗವಿಲ್ಲ. ಮಕ್ಕಳೆಲ್ಲ ರೋಲರ್ ಕೋಸ್ಟರ್ ಕಡೆ ಓಡುತ್ತಿದ್ದರು, ನಾನು ಹುಡುಕಿಕೊಂಡು ಹೋದದ್ದು ಆ ಮನೆಯನ್ನು. ಅವರು ಬೆಳೆದ ಮನೆಯ ಹಾಗೆಯೇ ಅವರ ತಮ್ಮ ಕಟ್ಟಿ, ಒಳಗೆ ತಾಯಿಯೇ ಎಲ್ಲವನ್ನೂ ಜೋಡಿಸಿ ಕೊಟ್ಟದ್ದು. ಗೋಡೆಗೆ ಹಳೇ ನ್ಯೂಸ್‌ಪೇಪರ್ ಅಂಟಿಸಿದೆ, ಚಳಿಗಾಳಿ ಸಂದಿಯಿಂದ ನುಗ್ಗದೆ ಇರಲಿ ಅಂತ. ಮಗಳು ಗಾಜಿನ ಹತ್ತಿರ ನಿಂತು "ಅಮ್ಮಾ, ಗೋಡೆ ತುಂಬಾ ಅಕ್ಷರ" ಅಂದಳು. ನನಗೆ ತಕ್ಷಣ ಡಾಲಿಯ ಅಪ್ಪ ನೆನಪಾದರು. ಅವರಿಗೆ ಓದಲೂ ಬರುತ್ತಿರಲಿಲ್ಲ, ಬರೆಯಲೂ ಬರುತ್ತಿರಲಿಲ್ಲ. ಇಂಥ ಗೋಡೆಗಳ ನಡುವೆ ಮಲಗಿ ಎದ್ದ ಮನುಷ್ಯ.

ಪುಸ್ತಕದ ಕೆಲಸ 1995ರಲ್ಲಿ ಶುರುವಾದದ್ದು ಆ ಅಪ್ಪನಿಗೋಸ್ಕರ. ಮೊದಲು ಆ ಒಂದು ಕೌಂಟಿಯ ಮಕ್ಕಳಿಗೆ ಮಾತ್ರ, 2004ರಿಂದ ಇಡೀ ಟೆನೆಸ್ಸಿಗೆ. ಈಗ ಐದು ದೇಶಗಳಲ್ಲಿದೆ, 20 ಕೋಟಿಗೂ ಜಾಸ್ತಿ ಪುಸ್ತಕ ಹೋಗಿದೆ. ಇಂಡಿಯಾದಲ್ಲಿ ಇದೆಯಾ ಅಂತ ಒಬ್ಬರು ಮೆಸೇಜ್ ಮಾಡಿ ಕೇಳಿದ್ದರು, ಇಲ್ಲ. ಎಲ್ಲ ಖರ್ಚೂ ಡಾಲಿಯದ್ದೇ ಅಂತಲೂ ಅಲ್ಲ. ಪುಸ್ತಕದ ದುಡ್ಡು, ಅಂಚೆ ಖರ್ಚನ್ನು ಆಯಾ ಊರಿನ ಸಂಸ್ಥೆಗಳು ಕೊಡುತ್ತವೆ, ಇಲ್ಲಿ ರಾಜ್ಯ ಸರ್ಕಾರವೂ ಕೈಜೋಡಿಸಿದೆ. ಕಟ್ಟಿ ನಡೆಸುವ ವ್ಯವಸ್ಥೆ ಅವರ ಫೌಂಡೇಷನ್ನಿನದ್ದು. 2016ರಲ್ಲಿ ಇದೇ ಬೆಟ್ಟಗಳಿಗೆ ಬೆಂಕಿ ಬಿದ್ದು ಮನೆ ಕಳೆದುಕೊಂಡ ಕುಟುಂಬಗಳಿಗೂ ಅದರ ಮೂಲಕವೇ ತಿಂಗಳಿಗೆ ಸಾವಿರ ಡಾಲರಿನಂತೆ ಐದು ತಿಂಗಳು, ಆರನೇ ತಿಂಗಳು ಐದು ಸಾವಿರ ಡಾಲರ್ ಕೊಟ್ಟರು. ನಮ್ಮ ಪಕ್ಕದ ಮನೆಯ ಅಜ್ಜಿ ಡಾಲಿ ಹೆಸರು ಹೇಳುವಾಗ ತಮ್ಮ ಮನೆ ಹುಡುಗಿಯ ಹೆಸರು ಹೇಳಿದ ಹಾಗೆ ಹೇಳುತ್ತಾರೆ.

ವಾಪಸ್ ಬರುವಾಗ ಸೆವಿಯರ್‌ವಿಲ್ ಕೋರ್ಟಿನ ಮುಂದೆ ನಿಲ್ಲಿಸಿದೆವು. ಅಲ್ಲಿ ಡಾಲಿಯ ಕಂಚಿನ ಮೂರ್ತಿ ಇದೆ, 1987ರದ್ದು. ಬರಿಗಾಲು, ಕೈಯಲ್ಲಿ ಗಿಟಾರ್, ಬಂಡೆಯ ಮೇಲೆ ಕೂತಿದ್ದಾರೆ. ಇದರ ಬಗ್ಗೆ ಡಾಲಿ ಹೇಳಿದ ಒಂದು ವಿಷಯ ಓದಿದ್ದೆ. ಅಪ್ಪ ಬದುಕಿದ್ದಾಗ ಟ್ರಕ್ಕಿನ ಹಿಂದೆ ಒಂದು ಬಕೆಟ್ಟು, ಸೋಪು, ಬ್ರಷ್ಷು ಇಟ್ಟುಕೊಂಡಿರುತ್ತಿದ್ದರಂತೆ. ರಾತ್ರಿ ಯಾರೂ ಇಲ್ಲದಾಗ ಬಂದು, ಮೂರ್ತಿಯ ಮೇಲೆ ಬಿದ್ದ ಪಾರಿವಾಳದ ಹಿಕ್ಕೆಯನ್ನೆಲ್ಲ ಉಜ್ಜಿ ತೊಳೆದು ಹೋಗುತ್ತಿದ್ದರಂತೆ. ನಾನು ಆ ಕಾಲಿನ ಹೆಬ್ಬೆರಳು ಮುಟ್ಟಿ ನೋಡಿದೆ. ಜನ ಮುಟ್ಟಿ ಮುಟ್ಟಿ ನುಣ್ಣಗಾಗಿದೆ.

ಮುಂದಿನ ತಿಂಗಳು ಮಗಳಿಗೆ ಐದು ತುಂಬುತ್ತದೆ. ಐದಕ್ಕೆ ಪುಸ್ತಕ ನಿಲ್ಲುತ್ತದೆ, ಇನ್ನು ಒಂದೇ ಬರುವುದು. ಅವಳಿಗೆ ಇನ್ನೂ ಹೇಳಿಲ್ಲ. ಇವತ್ತೂ ಶಾಲೆಯಿಂದ ಬಂದವಳೇ ಚಪ್ಪಲಿ ಬಿಡದೆ ಡಬ್ಬಿ ಹತ್ತಿರ ಓಡಿದಳು.